ಮಗಳಿಗೊಂದು ಪತ್ರ: ಮೇಲುಗೈಯ ಇಂಗ್ಲಿಷ್

ಶಿಡ್ಲಘಟ್ಟ

ಪ್ರೀತಿಯ ಪುಟ್ಟೀ,

ಆಫೀಸಿಗೆ ನೀನು ಬರೆದ ಇಂಗ್ಲಿಷ್ ಕರಡು ಓದಿದೆ. ಚೆನ್ನಾಗಿದೆ. ‘ವಿ ಟುಕ್ ಅಡ್ವಾಂಟೇಜ್ ಆಫ್ ಸ್ಮಾಲ್ ವೀವರ್ಸ್’ ಅನ್ನುವ ಒಂದು ವಾಕ್ಯ ಮಾತ್ರ ತೆಗೆದುಬಿಡು. ಸಣ್ಣ ನೇಕಾರರ ಕಸುಬಿನಿಂದ ಕಂಪನಿಗೆ ಅನುಕೂಲವಾಯಿತು ಎಂದು ಹೇಳಹೊರಟಿದ್ದೀಯ. ಓದಿದವರು ಮಾತ್ರ ನೀವು ಅವರ ಅಸಹಾಯಕತೆಯನ್ನು ಬಳಸಿಕೊಂಡಿರಿ ಅಂದುಕೊಳ್ಳುತ್ತಾರೆ. ಆ ಮಾತಿನ ಮುಂದೆ ರಿಯಾಯಿತಿಯೋ ಒಳ್ಳೆ ಅವಕಾಶವೋ ಬಂದರೆ ದೋಷವಿಲ್ಲ. ಮನುಷ್ಯರೋ, ಅವರ ಒಳ್ಳೆಯತನವೋ ಬಂದರೆ ಅದು ಆರೋಪ. ‘ವಿ ಬೆನಿಫಿಟೆಡ್ ಫ್ರಮ್ ದೇರ್ ಸ್ಕಿಲ್’ ಅಂತ ಬರಿ.

ನಮ್ಮೂರ ರೇಷ್ಮೆಗೂಡಿನ ಮಾರುಕಟ್ಟೆ ನೆನೆಸಿಕೋ. ಶಾಲೆಯ ಮಕ್ಕಳಿಗೂ ನಾನು ಇದನ್ನೇ ಇಟ್ಟುಕೊಂಡು ಪಾಠ ಹೇಳುತ್ತೇನೆ. ಗೂಡು ಬಿಡಿಸಿದ ರೈತ ಬೆಲೆ ಬರಲಿ ಅಂತ ಕಾಯುವ ಹಾಗಿಲ್ಲ. ಕೆಲವೇ ದಿನಕ್ಕೆ ಒಳಗಿನದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬಂದುಬಿಡುತ್ತದೆ, ಆಮೇಲೆ ಉದ್ದ ಎಳೆ ಸಿಗುವುದಿಲ್ಲ. ಗೂಡು ಕೊಂಡು ನೂಲು ತೆಗೆಯುವ ರೀಲರಿಗೂ ಇದು ಗೊತ್ತು. ಒಂದು ಹಿಡಿ ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಲ್ಲಿ ಒತ್ತಿ ಗಟ್ಟಿತನ ನೋಡಿ, ಆತುರವಿಲ್ಲದೆ ಬೆಲೆ ಹಾಕುತ್ತಾನೆ. ಗೂಡು ಬೇಕಾದಷ್ಟು ಬಂದ ದಿನ ‘ಅಪ್ಪರ್ ಹ್ಯಾಂಡ್’ ಅವನದು, ಕಡಿಮೆ ಬಂದ ದಿನ ರೈತನದು. ವ್ಯವಹಾರದಲ್ಲಿ, ಜಗಳದಲ್ಲಿ ಎದುರಾಳಿಯ ಮೇಲೆ ಸಿಗುವ ಹಿಡಿತಕ್ಕೆ ಆ ಮಾತು. ಇಬ್ಬರು ರೈತರ ಗೂಡೂ ಚೆನ್ನಾಗಿದ್ದು ಒಬ್ಬನದರಲ್ಲಿ ಎಳೆ ತುಸು ಉದ್ದ ಬಂದರೆ ಅವನಿಗೆ ‘ಎಡ್ಜ್’ ಇದೆ ಅನ್ನು. ಕೂದಲೆಳೆಯಷ್ಟು ಮುಂದೆ, ಅಷ್ಟೇ. ಆಸ್ಪತ್ರೆಗೆ ದುಡ್ಡು ಬೇಕು ಎಂದು ರೈತ ಬಾಯಿಬಿಟ್ಟ ಮೇಲೆ ಬೆಲೆ ಮುರಿದರೆ, ಆಗ ನಿನ್ನ ‘ಟುಕ್ ಅಡ್ವಾಂಟೇಜ್ ಆಫ್ ಹಿಮ್’ ಸರಿಯಾಗಿ ಕೂರುತ್ತದೆ. ಅಂಥದ್ದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ನಿನ್ನ ವಾಕ್ಯ ಓದಿ ಗಾಬರಿಯಾದದ್ದೂ ಅದಕ್ಕೇ.

‘ಹೆಡ್ ಸ್ಟಾರ್ಟ್’ ಓಟದ ಮಾತು, ಉಳಿದವರಿಗಿಂತ ಮೊದಲೇ ಹೊರಟವರದ್ದು. ತಾತನ ಜೊತೆ ರೇಷ್ಮೆ ನೋಡುತ್ತಾ ಬೆಳೆದ ನಿನಗೆ ಅದು ಖಂಡಿತ ಇದೆ, ಧೈರ್ಯವಾಗಿ ಹೇಳಿಕೋ. ‘ಸ್ಟೀಲ್ ಎ ಮಾರ್ಚ್’ ದಂಡಿನಿಂದ ಬಂದದ್ದು. ಶತ್ರುವಿಗೆ ಸುಳಿವು ಕೊಡದೆ ಮುಂದೆ ಸಾಗುವುದು. ಬೇರೆ ಕಂಪನಿಗಿಂತ ಮೊದಲು ಹೊಸ ಸೀರೆ ಬಿಟ್ಟಾಗ ಬಳಸಬಹುದು. ಪಕ್ಕದಲ್ಲಿ ಕೂತು ಕೆಲಸ ಮಾಡುವ ಗೆಳತಿಯ ವಿಷಯದಲ್ಲಿ ಬೇಡ.

ಟೆನಿಸ್‌ನಲ್ಲಿ 40-40 ಆಗಿ ‘ಡ್ಯೂಸ್’ ಅಂದ ಮೇಲೆ ಪಾಯಿಂಟ್ ಗೆದ್ದವರಿಗೆ ಅಡ್ವಾಂಟೇಜ್, ಮುಂದಿನದು ಸೋತರೆ ಮತ್ತೆ ಡ್ಯೂಸ್. ಅಲ್ಲಿ ಅದು ಬರೀ ಲೆಕ್ಕ. ಕಾನೂನಿನಲ್ಲಿ ಹಾಗಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ತಂದಾಗ ‘ಅನ್‌ಡ್ಯೂ ಅಡ್ವಾಂಟೇಜ್’ ಎಂಬ ಪದ ಸೇರಿಸಿದರು: ಕಾನೂನುಬದ್ಧ ಸಂಭಾವನೆ ಬಿಟ್ಟು ಪಡೆಯುವ ಯಾವುದೇ ಲಾಭ. ನಿಮ್ಮ ಕರಾರುಪತ್ರಗಳಲ್ಲಿ ಅದು ಕಂಡರೆ ನಿಂತು ಓದು.

ಎರಡನೇ ಪುಟದ ‘ಗೇನ್ ಆ್ಯನ್ ಅಡ್ವಾಂಟೇಜ್ ಓವರ್ ಅವರ್ ಕಾಂಪಿಟಿಟರ್ಸ್’ ಸರಿಯಾಗಿಯೇ ಇದೆ, ಮುಟ್ಟಬೇಡ. ಕೊನೆಯಲ್ಲಿ ಆ ನೇಕಾರರ ಹೆಸರು ಹಾಕಲು ನಿಮ್ಮ ಮ್ಯಾನೇಜರನ್ನು ಕೇಳು. ಒಪ್ಪದಿದ್ದರೆ ಇನ್ನೊಂದು ಸಲ ಕೇಳು.

ನಿನ್ನ
ಅಪ್ಪ