ಹೊಲದ ಮೇಲೆ ಬಂದ ನೀರು

ಆತ್ಮೀಯ ಓದುಗರೇ,

ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾಕಾ ಅವರ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇದೆ. ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಡೆಯಾದ ಹೊಲದ ಉತಾರ (ಪಹಣಿ), ಭೂಸ್ವಾಧೀನದ ನೋಟಿಸು, ಪರಿಹಾರ ನಿಗದಿಮಾಡಿದ ಐತೀರ್ಪಿನ ನಕಲು, ಹೆಚ್ಚುವರಿ ಪರಿಹಾರ ಕೋರಿ ಕೋರ್ಟಿಗೆ ಹಾಕಿದ ಅರ್ಜಿ, ವಕೀಲರಿಗೆ ಸಂದಾಯ ಮಾಡಿದ ಹಣದ ಚೀಟಿಗಳು, ಇವೆಲ್ಲವನ್ನೂ ಅವರು ಬೇರೆ ಬೇರೆ ಕಟ್ಟು ಕಟ್ಟಿ, ನುಸಿಗುಳಿಗೆ ಹಾಕಿ ಅದರಲ್ಲಿ ಜೋಪಾನ ಮಾಡಿದ್ದಾರೆ. ಕಳೆದ ಸಲ ಊರಿಗೆ ಹೋದಾಗ ನೋಟಿಸನ್ನು ಬಿಡಿಸಿ ಓದಿದೆ. ಎಕರೆ, ಗುಂಟೆಗಳ ಲೆಕ್ಕದ ಕೆಳಗೆ ಬೇವಿನ ಮರ ಒಂದು, ಬಾರಿ ಮರ ಎರಡು, ಕಲ್ಲು ಕಟ್ಟಿದ ಬಾವಿ ಒಂದು ಎಂದು ಬರೆದು, ಪ್ರತಿಯೊಂದರ ಎದುರಿಗೂ ಬೆಲೆ ನಮೂದಿಸಿದ್ದರು. ಓದಿ ಮುಗಿಸುವವರೆಗೆ ಸುಮ್ಮನಿದ್ದ ಕಾಕಾ, "ಹೊಲಕ್ಕ ನೀರು ಬರತಾವು ಅಂತ ಮೂವತ್ತು ವರ್ಷ ಹಾದಿ ಕಾದ್ವಿ ತಮ್ಮಾ. ಬಂದೂವು, ಹೊಲದ ಮ್ಯಾಲ ಬಂದೂವು" ಎಂದರು.

ಡಿಸೆಂಬರ್ 10ರ ಮಾನವ ಹಕ್ಕುಗಳ ದಿನದ ಅಂಗವಾಗಿ ಅಂತಾರಾಷ್ಟ್ರೀಯ ಸಹಕಾರ ಮತ್ತು ಸುಸ್ಥಿರ ಅಭಿವೃದ್ಧಿಯನ್ನು ಕುರಿತು ಸಂಪಾದಕೀಯ ಬರೆಯಬೇಕೆಂದು ಕಾರ್ಯಕಾರಿ ಸಮಿತಿ ಸೂಚಿಸಿದಾಗ ನನಗೆ ಮೊದಲು ನೆನಪಾದದ್ದು ಆ ಟ್ರಂಕು. ಅಮೆರಿಕದ ಈ ನಮ್ಮ ಕನ್ನಡ ಸಂಘದ ಸದಸ್ಯರಲ್ಲಿ ಹಲವರು ದಿನವೂ ಹಾದುಹೋಗುವ ವಾಷಿಂಗ್ಟನ್ನಿನ ವಿಶ್ವಬ್ಯಾಂಕ್ ಕಟ್ಟಡಕ್ಕೂ ಆ ಟ್ರಂಕಿನ ಕಾಗದಗಳಿಗೂ ನಂಟಿದೆ ಎಂಬುದು ಎಷ್ಟು ಜನರಿಗೆ ಗೊತ್ತಿದೆಯೋ ನಾನರಿಯೆ.

ಅಣೆಕಟ್ಟೆಯೇ ಬೇಡವಾಗಿತ್ತು ಎಂದು ನಮ್ಮ ಕಡೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅವಿಭಜಿತ ವಿಜಾಪುರ ಜಿಲ್ಲೆಯಲ್ಲಿ ಹಿಂಗಾರಿ ಕೈಕೊಟ್ಟರೆ ಎರಿ ಹೊಲದಲ್ಲಿ ಬಿಳಿಜೋಳ ಏಳುತ್ತಿರಲಿಲ್ಲ, ಊರಿಗೆ ಊರೇ ಗುಳೆ ಹೋಗುತ್ತಿತ್ತು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟೆಗೆ ಅಡಿಗಲ್ಲು ಇಟ್ಟಾಗ ಜನ ಹಬ್ಬ ಮಾಡಿದ್ದರೆ ಆಶ್ಚರ್ಯವೇನೂ ಇಲ್ಲ. ಇಂದು ಆ ಜಲಾಶಯ 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು ಹಿಡಿಯುತ್ತದೆ, 290 ಮೆಗಾವಾಟ್ ವಿದ್ಯುತ್ ಘಟಕವೂ ಅಲ್ಲಿದೆ. ಅದಕ್ಕಾಗಿ ನೂರಕ್ಕೂ ಹೆಚ್ಚು ಹಳ್ಳಿಗಳು ಜಾಗ ಬಿಟ್ಟವು. ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಯ ಓಣಿ ಓಣಿಗಳೇ ಹಿನ್ನೀರಿನ ಪಾಲಾಗಿ, ಸೆಕ್ಟರ್ ಸಂಖ್ಯೆಗಳ ನವನಗರ ಎದ್ದುನಿಂತಿತು. ಹೋಳಿ ಹುಣ್ಣಿಮೆಯಲ್ಲಿ ಹಲಗಿ ಬಾರಿಸಲು ಇವತ್ತಿಗೂ ಜನ ಹಳೇ ಊರಿಗೇ ಹೋಗುತ್ತಾರೆ. ಸೆಕ್ಟರ್‌ಗಳಲ್ಲಿ ಆ ನಾದ ಕೂಡಿಬರುವುದಿಲ್ಲವಂತೆ.

ಆಲಮಟ್ಟಿಯನ್ನು ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕ್ 1978ರಲ್ಲಿ ಒಮ್ಮೆ, 1989ರಲ್ಲಿ ಮತ್ತೊಮ್ಮೆ ಸಾಲ ಮಂಜೂರು ಮಾಡಿತು. ಮುಳುಗಡೆಯಾಗುವವರಿಗೆ ಏನೇನು ಕೊಡಬೇಕೆಂಬುದು ಸಾಲದ ಷರತ್ತುಗಳಲ್ಲಿಯೇ ಸೇರಿತ್ತು. ಅಣೆಕಟ್ಟೆಯ ಗೋಡೆ ಏಳುವ ವೇಗಕ್ಕೂ ಪುನರ್ವಸತಿಯ ವೇಗಕ್ಕೂ ಹೊಂದಿಕೆಯಾಗದೆ ಹೋದಾಗ ಬ್ಯಾಂಕು 1992ರಲ್ಲಿ ಮತ್ತು 1995ರಲ್ಲಿ, ಹೀಗೆ ಎರಡು ಬಾರಿ, ಹಣ ಬಿಡುಗಡೆಯನ್ನು ತಡೆಹಿಡಿಯಿತು. ಹಣ ನಿಂತ ಮೇಲೆಯೇ ಪುನರ್ವಸತಿಯ ಕಡತಗಳು ಚುರುಕಾದವು. ಒಂದೊಂದು ಗುಂಟೆಗೂ ವರ್ಷಗಟ್ಟಲೆ ಕೋರ್ಟು ಅಲೆಯುವ ಬದಲು ಸರಕಾರವೂ ರೈತನೂ ಕೂತು ದರಕ್ಕೆ ಒಪ್ಪುವ ಸಮ್ಮತಿ ಐತೀರ್ಪಿನ ಪದ್ಧತಿ ನಮ್ಮ ಭಾಗದಲ್ಲಿ ಬಳಕೆಗೆ ಬಂತು. ನಮ್ಮ ಕಾಕಾ ಆ ಪದ್ಧತಿಗಿಂತ ಮೊದಲಿನವರಾದ್ದರಿಂದ ಟ್ರಂಕು ಅವರ ಪಾಲಿಗೆ ಉಳಿಯಿತು.

ಇದನ್ನು ವಾಷಿಂಗ್ಟನ್ನಿನ ಔದಾರ್ಯವೆಂದು ನಾನು ತಿಳಿದಿಲ್ಲ. ಬ್ಯಾಂಕಿಗೂ ಪಾಠ ಕಲಿಸಿದವರು ನಮ್ಮ ದೇಶದ ನಿರ್ವಸಿತರೇ. ನರ್ಮದಾ ಕಣಿವೆಯ ಜನರ ಹೋರಾಟದಿಂದಾಗಿ ಬ್ಯಾಂಕು ತನ್ನದೇ ಯೋಜನೆಯನ್ನು ಸ್ವತಂತ್ರ ಸಮಿತಿಯಿಂದ ಪರಿಶೀಲನೆಗೆ ಒಳಪಡಿಸಬೇಕಾಯಿತು, 1992ರಲ್ಲಿ ಬಂದ ಆ ಸಮಿತಿಯ ವರದಿ ಬ್ಯಾಂಕಿನ ಲೋಪಗಳನ್ನು ಮುಚ್ಚುಮರೆಯಿಲ್ಲದೆ ಹೇಳಿತು, ಮರುವರ್ಷ ಭಾರತ ಆ ಕಣಿವೆಯ ಸರ್ದಾರ್ ಸರೋವರ ಅಣೆಕಟ್ಟೆಯ ಉಳಿದ ಸಾಲ ಬೇಡವೆಂದಿತು, ಅದೇ 1993ರಲ್ಲಿ ಬಾಧಿತ ಜನ ನೇರವಾಗಿ ದೂರು ಸಲ್ಲಿಸಬಹುದಾದ ತಪಾಸಣಾ ಮಂಡಳಿಯನ್ನು ಬ್ಯಾಂಕು ಸ್ಥಾಪಿಸಿತು. ಅಂತಾರಾಷ್ಟ್ರೀಯ ಸಹಕಾರವೆಂದರೆ ಶ್ರೀಮಂತ ದೇಶ ಕೊಡುವುದು, ಬಡ ದೇಶ ಪಡೆಯುವುದು ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಕೊಟ್ಟ ಹಣಕ್ಕಿಂತ ತಡೆಹಿಡಿದ ಹಣ ಹೆಚ್ಚು ಕೆಲಸ ಮಾಡಿತು ಎಂಬುದು ಕೃಷ್ಣೆಯ ದಂಡೆಯಲ್ಲಿ ನಾನು ಕಂಡ ಸಂಗತಿ.

ವಿಶ್ವಸಂಸ್ಥೆ ಒಪ್ಪಿದ ಪತ್ರಗಳಿಗೇನೂ ಕೊರತೆಯಿಲ್ಲ. 1948ರ ಮಾನವ ಹಕ್ಕುಗಳ ಘೋಷಣೆಯ 17ನೆಯ ವಿಧಿ ಯಾರ ಆಸ್ತಿಯನ್ನೂ ಮನಬಂದಂತೆ ಕಸಿಯಕೂಡದು ಎನ್ನುತ್ತದೆ. 1986ರ ಅಭಿವೃದ್ಧಿಯ ಹಕ್ಕಿನ ಘೋಷಣೆ ಇನ್ನೂ ಮುಂದೆ ಹೋಗಿ, ಮನುಷ್ಯನು ಅಭಿವೃದ್ಧಿಯ ಫಲಾನುಭವಿ ಮಾತ್ರನಲ್ಲ, ಅದರಲ್ಲಿ ಸಕ್ರಿಯ ಪಾಲುದಾರನೂ ಆಗಿರಬೇಕೆಂದು ಸಾರಿತು. ಅದರ ಪರವಾಗಿ 146 ದೇಶಗಳು ಮತ ಹಾಕಿದಾಗ ವಿರೋಧಿಸಿದ ಏಕೈಕ ದೇಶ ನಾವೀಗ ನೆಲೆಸಿರುವ ಅಮೆರಿಕ. 2015ರಲ್ಲಿ 193 ದೇಶಗಳು ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನೂ 169 ಉಪಗುರಿಗಳನ್ನೂ ಒಪ್ಪಿ, 2030ರ ಗಡುವು ಹಾಕಿಕೊಂಡವು. ಆ ಗುರಿಗಳ ವರ್ಣಫಲಕ ಈಗ ಎಲ್ಲ ಕಚೇರಿಗಳ ಗೋಡೆಯ ಮೇಲೂ ಇರುತ್ತದೆ. ಆದರೆ ಗುರಿ ತಪ್ಪಿದ್ದರಿಂದ ಹೊಲ ಕಳೆದುಕೊಂಡವನು ಯಾವ ಬಾಗಿಲು ತಟ್ಟಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ದೇಶಗಳು ತಮ್ಮ ಪ್ರಗತಿಯನ್ನು ತಾವೇ ಬರೆದು ಒಪ್ಪಿಸುತ್ತವೆ. ಸಾಲದ ಒಪ್ಪಂದವೊಂದರ ಒಣ ಷರತ್ತಿಗೆ ಇದ್ದ ಬಲ ಇಂಥ ಪತ್ರಗಳಿಗೆ ಇನ್ನೂ ಬಂದಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ರಾಜ್ಯಗಳ ನಡುವೆ ಕೃಷ್ಣೆಯ ನೀರು ಹಂಚುವ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿತು. ಹಾಗೆ ಏರಿಸುವ ಯೋಜನೆಯ ಮೂರನೇ ಹಂತದ ಮುಳುಗಡೆ ಭೂಮಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನಿರ್ಧರಿಸಿತು. ದರ ಹಿಂದಿನದಕ್ಕಿಂತ ಎಷ್ಟೋ ಪಾಲು ಮೇಲು. 1894ರ ಕಾಯ್ದೆಯ ಜಾಗದಲ್ಲಿ ಬಂದ 2013ರ ಕಾಯ್ದೆಯೂ ಭೂಮಾಲೀಕನ ಕಡೆಗೆ ಒಂದಿಷ್ಟು ವಾಲಿದೆ. ನಡುವೆ ಸರಿದ ವರ್ಷಗಳಿಗೆ ಮಾತ್ರ ಯಾರೂ ದರ ಕಟ್ಟಿಲ್ಲ. ನಮ್ಮ ಅಕ್ಕನ ಮನೆ ಆ ಹೊಸ ಮುಳುಗಡೆಯ ಗೆರೆಯೊಳಗೆ ಬರುತ್ತದೆ. ಮಾಳಿಗೆ ಕಟ್ಟಿಸಲೆಂದು ಬಿಟ್ಟ ಕಂಬಿಗಳು ತುಕ್ಕು ಹಿಡಿದು ಬಾಗಿವೆ, ಅರ್ಧಕ್ಕೆ ನಿಂತ ಮೆಟ್ಟಿಲ ಮೇಲೆ ಅಕ್ಕ ಸಂಡಿಗೆ ಒಣಹಾಕುತ್ತಾಳೆ. ಮುಳುಗುವ ಮನೆಗೆ ಸಿಮೆಂಟ್ ಯಾಕೆ ಸುರಿಯಬೇಕೆಂದು ಭಾವ ಕೇಳುತ್ತಾರೆ, ಮುಳುಗುವವರೆಗಾದರೂ ಇರಬೇಕಲ್ಲ ಎಂದು ಅಕ್ಕ ಕೇಳುತ್ತಾಳೆ. ಈ ವಾದ ಶುರುವಾಗಿ ಹತ್ತು ವರ್ಷ ಮೀರಿತು.

ಉತ್ತರ ಕರ್ನಾಟಕದ 2019ರ ನೆರೆಯಲ್ಲಿ ನಾವು ಹಣ ಕೂಡಿಸಿ ಕಳಿಸಿದ್ದು ಒಳ್ಳೆಯ ಕೆಲಸವೇ. ಹಕ್ಕುಗಳ ಮಾತು ರಾಜಕೀಯ, ಅದು ಕನ್ನಡ ಸಂಘಕ್ಕೆ ಬೇಡ ಎಂಬ ಹಿರಿಯರ ಆಕ್ಷೇಪಣೆಯನ್ನೂ ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಪುನರ್ವಸತಿಯ ಅಂತಾರಾಷ್ಟ್ರೀಯ ನಿಯಮಗಳನ್ನು ನಮ್ಮ ಕಡೆಯ ರೈತ ಓದಿ ತಿಳಿಯುವಂಥ ಕನ್ನಡಕ್ಕೆ ತರುವುದರಲ್ಲಿ ಯಾವ ಪಕ್ಷದ ಬಾವುಟವೂ ಇಲ್ಲ. ನಮ್ಮಲ್ಲಿ ವಕೀಲರಿದ್ದಾರೆ, ಎಂಜಿನಿಯರುಗಳಿದ್ದಾರೆ, ಇಂಥ ಒಪ್ಪಂದಗಳನ್ನು ದಿನವೂ ತಿರುವಿಹಾಕುವವರೂ ಇದ್ದಾರೆ. ಅವರಲ್ಲಿ ನಾಲ್ವರು ಒಪ್ಪಿದರೆ ಮುಂದಿನ ಸಂಚಿಕೆಯಿಂದಲೇ ಈ ಕೆಲಸ ಶುರುಮಾಡಬಹುದು. ಜೊತೆಗೆ, ಮುಳುಗಡೆಯಾದ ಊರುಗಳಿಂದ ಬಂದ ಸದಸ್ಯರು ತಮ್ಮ ಮನೆಯ ಹಳೆಯ ಉತಾರ, ನೋಟಿಸುಗಳ ಛಾಯಾಪ್ರತಿಗಳನ್ನು ಊರಿನ ಹೆಸರು ಬರೆದು ಸಂಪಾದಕ ಮಂಡಳಿಗೆ ತಲುಪಿಸಬೇಕಾಗಿ ಕೋರುತ್ತೇನೆ. ಹೆಸರು, ಸರ್ವೆ ನಂಬರು ಮರೆಮಾಡಿಯೇ ಅವನ್ನು ಇಟ್ಟುಕೊಳ್ಳುತ್ತೇವೆ.

ನಾನೂ ಆ ದಿನ ಮೊಬೈಲಿನಲ್ಲಿ ನೋಟಿಸಿನ ಚಿತ್ರ ತೆಗೆದುಕೊಂಡೆ. ಕಾಕಾ ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಮೊದಲಿದ್ದ ಮಡಿಕೆಯಲ್ಲೇ ಮಡಚಿ, "ಫೋಟೋ ಬೇಕಾದಷ್ಟು ತಗೋ, ಹಾಳಿ ಇಲ್ಲೇ ಇರಲಿ. ತಾರೀಖು ಐತಿ ಬರೋ ತಿಂಗಳ" ಎಂದು ಟ್ರಂಕಿನ ಚಿಲಕ ಹಾಕಿದರು.

— ಸಂಪಾದಕ