ಅಟ್ಟದ ಜೇನು ಇಳಿಸಿಕೊಟ್ಟವರಿಗೆ

ಶಿರಸಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಅಜ್ಜಿಯ ಮುರುಕು ಮರದ ಪೆಟ್ಟಿಗೆಯೊಳಗೆ ತುಡುವೆ ಜೇನು ಸಂಸಾರ ಹೂಡಿದ್ದು ಗೊತ್ತಾದದ್ದು ಮಗಳ ಹಣೆ ಊದಿಕೊಂಡ ಮೇಲೆ. ಸೂಡಿ ಹಚ್ಚಿ ಸುಟ್ಟುಬಿಡಿ ಎಂದರು ನೆರೆಯವರು. ಮರದ ಅಟ್ಟಕ್ಕೆ ಸೂಡಿ! ದಿಕ್ಕು ತೋಚದೆ ಕುಳಿತಿದ್ದಾಗ ದಿನಸಿ ಅಂಗಡಿಯವರು ನಿಮಗೆ ಹೇಳಿ ಕಳುಹಿಸಿದರು.

ಬೈಕಿನ ಹಿಂದೆ ಖಾಲಿ ಜೇನುಪೆಟ್ಟಿಗೆ ಕಟ್ಟಿಕೊಂಡು ಸಂಜೆ ಬಂದಿರಿ. ಜೇನಿನ ವಿಚಾರ ಆಮೇಲೆ, ಮೊದಲು ಕೇಳಿದ್ದು, "ಮಗುವಿಗೆ ಉಸಿರಾಟ ಸರಿಯಾಗಿದೆಯಲ್ಲ ತಂಗಿ?" ಅಲ್ಲಿಗೇ ನನ್ನ ಅರ್ಧ ಭಯ ಇಳಿಯಿತು.

ತೆಂಗಿನ ನಾರಿನ ಹೊಗೆ ತುಸುವೇ ಹಾಕಿ, ಮರಿಹುಳುಗಳಿದ್ದ ಎರಿಗಳನ್ನು ಒಂದೊಂದಾಗಿ ಬಿಡಿಸಿ, ಹೊಸ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿದಿರಿ, ಹಸುಳೆಗೆ ಕುಲಾವಿ ಕಟ್ಟುವಷ್ಟು ನಾಜೂಕಾಗಿ. ರಾಣಿಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಕೆಳಗಿಳಿಸಿ, ಕಂಬದ ಮರೆಯಲ್ಲಿದ್ದ ಮಗಳಿಗೆ ಸಂದಿಯಿಂದ ತೋರಿಸಿದಿರಿ. ಉದ್ದ ಹೊಟ್ಟೆಯ ಅದನ್ನು ನೋಡಿ ಅವಳು ಅಳು ಮರೆತಳು.

ಹೂವಿಗೆ ಹೋದವು ಮರಳಲಿ ಎಂದು ಕತ್ತಲಾಗುವವರೆಗೂ ಜಗುಲಿಯಲ್ಲಿ ಕಾದಿರಿ. ಆ ಪೆಟ್ಟಿಗೆಯನ್ನು ಯಾರದೋ ಏಲಕ್ಕಿ ತೋಟಕ್ಕೆ ಒಯ್ಯುವುದಾಗಿ ಹೇಳಿದಿರಿ. ಹಣ ಮುಟ್ಟಲಿಲ್ಲ, ಒಂದು ಲೋಟ ಕಷಾಯವಷ್ಟೇ.

ನೀವು ಹೇಳಿದಂತೆ ಅಟ್ಟದ ಮೇಣವನ್ನೆಲ್ಲ ಕೆರೆದಿದ್ದೇವೆ, ವಾಸನೆಗೆ ಇನ್ನೊಂದು ಹಿಂಡು ಬಾರದಿರಲೆಂದು. ಗಡಿಬಿಡಿಯಲ್ಲಿ ನಿಮ್ಮ ಹೆಸರನ್ನೇ ಕೇಳಲಿಲ್ಲ. ನಿಮ್ಮ ಚಾಕು ನಮ್ಮಲ್ಲೇ ಉಳಿದಿದೆ. ಒಯ್ಯಲು ಬನ್ನಿ, ಊಟಕ್ಕೇ ಬನ್ನಿ.