ವಸಂತನರಸಾಪುರದ ಕೆಲಸಗಳು: ಭಾನುವಾರ ಸೇರೋಣ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ 10ಕ್ಕೆ ಶಾಲೆಯ ಹತ್ತಿರ ಸೇರುತ್ತಿದ್ದೇವೆ. ದಯವಿಟ್ಟು ತಪ್ಪಿಸಬೇಡಿ.

ನಮ್ಮ ವಸಂತನರಸಾಪುರದಲ್ಲಿ ಬರುತ್ತಿರುವ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯಿತು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಭಾಗ ಅದು. ಒಟ್ಟು 8,484 ಎಕರೆ, ಮೂರು ಹಂತ. ಆದರೆ ಜಮೀನು ಗುರುತು ಮಾಡಿದ ಮಾತ್ರಕ್ಕೆ ಕಂಪನಿಗಳು ಬರುವುದಿಲ್ಲ ಅಲ್ವಾ? ನೆಲ ಸಮ ಮಾಡಬೇಕು. ರಸ್ತೆ, ಮಳೆನೀರಿನ ಚರಂಡಿ, ಕರೆಂಟಿನ ಸಬ್‌ಸ್ಟೇಷನ್, ನೀರಿನ ಪೈಪು, ಕೊಳಚೆ ನೀರು ಶುದ್ಧ ಮಾಡುವ ಘಟಕ, ಎಲ್ಲ ಆಗಬೇಕು. ಚರಂಡಿ ನೀರು ಯಾವ ಕೆರೆ ಕಡೆ ಹರಿಯುತ್ತದೆ ಎಂದು ನಾವು ಈಗಲೇ ಕೇಳಬೇಕು. ಆಮೇಲೆ ಕೇಳಿ ಏನೂ ಪ್ರಯೋಜನವಿಲ್ಲ.

ಯಾರಿಗಾದರೂ ಜಮೀನು ಸ್ವಾಧೀನದ ನೋಟಿಸ್ ಬಂದರೆ ಸುಮ್ನೆ ಇಟ್ಟುಕೊಳ್ಳಬೇಡಿ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯ 28(2)ನೇ ಕಲಮಿನ ನೋಟಿಸ್ ಕೈಗೆ ಸಿಕ್ಕ ದಿನದಿಂದ 30 ದಿನದೊಳಗೆ ಆಕ್ಷೇಪಣೆ ಕೊಡಬಹುದು. ಪಹಣಿ, ಬಾವಿ, ಮರಗಳ ಲೆಕ್ಕ ಜೊತೆಗಿರಲಿ.

ಇನ್ನು ಮಕ್ಕಳ ವಿಷಯ. ನನಗೆ ಇದೇ ಜಾಸ್ತಿ ಮುಖ್ಯ. 30 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಾರ್ಖಾನೆ ಅಪ್ರೆಂಟಿಸ್‌ಗಳನ್ನು (ಅಲ್ಲೇ ಕೆಲಸ ಕಲಿಯುವವರನ್ನು) ತೆಗೆದುಕೊಳ್ಳಲೇಬೇಕು, ಒಟ್ಟು ಕೆಲಸಗಾರರ ಕನಿಷ್ಠ 2.5%. ಜಮೀನು ಕೊಟ್ಟ ಮನೆಯ ಹುಡುಗ ಹುಡುಗಿಯರು ಗೇಟಿನ ಕಾವಲಿಗೆ ಮಾತ್ರ ನಿಲ್ಲಬಾರದು. ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಕಲಿತಿರುವವರ ಹೆಸರು, ಐಟಿಐ ಮುಗಿಸಿದ ವರ್ಷ ಬರೆದು ತನ್ನಿ. ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಫೋನ್ ನಂಬರ್‌ಗಳನ್ನು ಗುಂಪಿನಲ್ಲಿ ಹಾಕುವುದು ಬೇಡ, ಕೈಯಲ್ಲೇ ಕೊಡಿ.